ಪೂಜೆಯಿಲ್ಲದ ಪಾಸ್ಖ ಮತ್ತು ಪಕ್ಕದ ಮನೆ

ಚರ್ಚಿನ ಗುರುಗಳು (ಪಾದ್ರಿ) ತಿಂಗಳಿಗೊಮ್ಮೆ ಮಾತ್ರ ಬಂದು ಹೋಗುವ ಊರಿನಲ್ಲಿ ನೆಲೆಸಿರುವ ಓದುಗರೊಬ್ಬರು, ಗುರುಗಳ ಅನಾರೋಗ್ಯದಿಂದಾಗಿ ಈ ಬಾರಿಯ ಪಾಸ್ಖ (ಈಸ್ಟರ್) ಹಬ್ಬಕ್ಕೆ ಬಲಿಪೂಜೆಯೂ (ಮಾಸ್) ಇಲ್ಲ, ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಯೂ ಇಲ್ಲ ಎಂದು ಬರೆದಿದ್ದಾರೆ. ಪೂಜೆ ತಪ್ಪಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಭಾವ ಫೋನಿನಲ್ಲಿ ಗದರಿಸಿದ ಮೇಲೆ ಅವರಿಗೆ ನಿದ್ದೆಯಿಲ್ಲ. ಪೂಜೆಯಲ್ಲಿರುವಂತೆ ಮನೆಯಲ್ಲೇ ರೊಟ್ಟಿ, ದ್ರಾಕ್ಷಾರಸ ಇಟ್ಟು ತಾವೇ ಏನಾದರೂ ನಡೆಸಬಹುದೇ ಎಂದು ಕೇಳಿದ್ದಾರೆ.

ಸಹೋದರಿ, ಕೂಗಳತೆಯಲ್ಲಿ ಚರ್ಚು ಇರುವವರು ಅದಿಲ್ಲದವರ ಪಾಪದ ಲೆಕ್ಕ ಬರೆಯುವುದನ್ನು ನಾನು ಸಹಿಸಲಾರೆ. ಕಥೋಲಿಕ ಧರ್ಮಸಭೆಯ ಕಾನೂನು ನಮ್ಮ ನೆಂಟರಿಗಿಂತ ಮೃದುವಾಗಿದೆ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಗುರುಗಳಿಲ್ಲದೆ ಪೂಜೆ ಅಸಾಧ್ಯವಾದಾಗ ಒಬ್ಬೊಬ್ಬರಾಗಿ, ಕುಟುಂಬವಾಗಿ ಅಥವಾ ಹಲವು ಕುಟುಂಬಗಳು ಕೂಡಿ ಸಾಕಷ್ಟು ಹೊತ್ತು ಪ್ರಾರ್ಥಿಸಿರಿ ಎಂದು 1983ರ ಧರ್ಮಸಭಾ ಕಾನೂನಿನ 1248ನೆಯ ವಿಧಿ ಒತ್ತಿ ಹೇಳುತ್ತದೆಯೇ ಹೊರತು, ಆಗದ್ದನ್ನು ಮಾಡಿರೆಂದು ಯಾರನ್ನೂ ಕಟ್ಟಿಹಾಕುವುದಿಲ್ಲ. ಪಾಸ್ಖ ಕಾಲದಲ್ಲಿ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬೇಕೆಂಬ ಕಟ್ಟಳೆಯನ್ನು ಸಹ ನ್ಯಾಯವಾದ ಕಾರಣವಿದ್ದರೆ ವರ್ಷದ ಬೇರೆ ಸಮಯದಲ್ಲಿ ಪೂರೈಸಬಹುದೆಂದು 920ನೆಯ ವಿಧಿಯಲ್ಲಿದೆ. ಜಪಾನಿನಲ್ಲಿ ಗುರುಗಳಿಲ್ಲದೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡವರ ವಂಶಸ್ಥರು 1865ರಲ್ಲಿ ನಾಗಸಾಕಿಯ ಚರ್ಚಿಗೆ ಬಂದಾಗ, ಅಲ್ಲಿನ ಫಾದರ್ ಪೆಟಿಜಾನ್ ಆ ವಂಶಸ್ಥರನ್ನು ಆನಂದದಿಂದ ಬರಮಾಡಿಕೊಂಡರು. ಇದನ್ನು ನಿಮ್ಮ ಭಾವನವರಿಗೆ ಬೇಕಿದ್ದರೆ ಓದಿ ಹೇಳಿ.

ರೊಟ್ಟಿ, ದ್ರಾಕ್ಷಾರಸದ ಯೋಚನೆಯನ್ನು ಬಿಟ್ಟುಬಿಡಿ. ಅದು ಗುರುದೀಕ್ಷೆ ಪಡೆದವರ ಕಾರ್ಯ. ಹಂಬಲದಿಂದ ಪ್ರಭುವನ್ನು ಆತ್ಮಿಕವಾಗಿ ಸ್ವೀಕರಿಸುವ ದಾರಿಯನ್ನು 1551ರಲ್ಲಿಯೇ ಧರ್ಮಸಭೆಯ ಬಿಷಪರು ಸೇರಿದ ಟ್ರೆಂಟ್ ಮಹಾಸಭೆ ಎತ್ತಿ ಹೇಳಿದೆ. ಪಾಪನಿವೇದನೆಯ ವಿಷಯದಲ್ಲಿ, ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪೂರ್ಣ ಪಶ್ಚಾತ್ತಾಪವೂ ಗುರುಗಳು ಸಿಕ್ಕೊಡನೆ ನಿವೇದಿಸುವ ದೃಢ ಸಂಕಲ್ಪವೂ ಇದ್ದರೆ ಘೋರ ಪಾಪಕ್ಕೂ ಕ್ಷಮೆಯುಂಟೆಂಬುದು ಧರ್ಮಸಭೆಯ ಬೋಧನೆ.

ನನ್ನನ್ನು ತಡೆದು ನಿಲ್ಲಿಸಿದ್ದು ಪತ್ರದ ಕೊನೆಯಲ್ಲಿ ನೀವು ಆವರಣದೊಳಗೆ ತುರುಕಿದ ಸಾಲು: ಪಕ್ಕದ ಮನೆಯಲ್ಲಿ ವಯಸ್ಸಾದ ಕಥೋಲಿಕ ವಿಧವೆಯೊಬ್ಬರು ಒಂಟಿಯಾಗಿದ್ದಾರೆ, ಅಷ್ಟಾಗಿ ಮಾತುಕತೆಯಿಲ್ಲ. ನಿಮಗಿಲ್ಲದ ಪೂಜೆ ಅವರಿಗೂ ಇಲ್ಲ. ಫೋನು ಮಾಡಿ ಬೈಯುವ ಭಾವನೂ ಬಹುಶಃ ಅವರಿಗಿಲ್ಲ. ನಿಮ್ಮ ಸಂಕಟದ ಪುಟಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಸಾಲು ಎಂಬುದು, ಕ್ಷಮಿಸಿ, ನನಗೆ ಬೇಸರ ತರಿಸಿತು. ಹಬ್ಬದ ಬೆಳಗಿನ ಶುಭಸಂದೇಶವನ್ನೇ ನೋಡಿ, ಬೈಬಲಿನಲ್ಲಿ ಯೊವಾನ್ನರ 20ನೆಯ ಅಧ್ಯಾಯದ ಮೊದಲ 9 ವಚನಗಳು: ಇನ್ನೂ ಕತ್ತಲಿರುವಾಗಲೇ ಯೇಸುವಿನ ಸಮಾಧಿಗೆ ಬಂದ ಮಗ್ದಲದ ಮರಿಯಳು, ಕಲ್ಲು ಸರಿದಿರುವುದನ್ನು ಕಂಡೊಡನೆ ಒಬ್ಬಳೇ ಅಳುತ್ತ ಕೂರದೆ ಶಿಷ್ಯ ಪೇತ್ರನ ಬಳಿಗೆ ಓಡಿದಳು.

ಹಾಗಾಗಿ ನೀವು ಮಾಡಬೇಕಾದುದು ಇಷ್ಟೇ: ಆ ಅಮ್ಮನವರ ಬಾಗಿಲು ತಟ್ಟಿ, ಭಾನುವಾರದ ಪ್ರಾರ್ಥನೆಗೆ ನಿಮ್ಮ ಮನೆಗೆ ಕರೆಯಿರಿ. ಮೇಣದ ಬತ್ತಿ ಹಚ್ಚುವುದನ್ನೂ ಶುಭಸಂದೇಶ ಓದುವುದನ್ನೂ ಅವರಿಗೇ ಬಿಡಿ. ಕರೆಯುವುದಕ್ಕೆ ಭಾನುವಾರ ಬೆಳಿಗ್ಗೆಯವರೆಗೆ ಕಾಯಬೇಡಿ, ಶನಿವಾರ ಸಂಜೆಯೊಳಗೆ ಹೋಗಿ. ಸಿದ್ಧರಾಗಲು ಅವರಿಗೂ ಸಮಯ ಬೇಕು.