ಕಾರ್ಡ್ ರಾಶಿ ಬೀಳುತ್ತಿದೆ, ಬೆರಳು ಜಜ್ಜುವುದು ನಿಂತಿಲ್ಲ: ಪ್ರತಿಕ್ರಿಯೆ
ನಿಮ್ಮ ಜಾಕ್‌ಅಪ್ ರಿಗ್‌ನಲ್ಲಿ (ಸಮುದ್ರದ ತಳಕ್ಕೆ ಕಾಲೂರಿ ನಿಂತು ತೈಲ ಬಾವಿ ಕೊರೆಯುವ ವೇದಿಕೆ) ದಿನಕ್ಕೆ ತಲಾ ಒಂದು ಸುರಕ್ಷತಾ ಕಾರ್ಡ್ (ಕೆಲಸದಲ್ಲಿ ಕಂಡ ಅಪಾಯ ಬರೆದುಕೊಡುವ ಚೀಟಿ) ಬಂದರೂ ಡ್ರಿಲ್ ಫ್ಲೋರ್‌ನಲ್ಲಿ, ಅಂದರೆ ಕೊರೆಯುವ ಕೆಲಸ ನಡೆಯುವ ಅಟ್ಟದಲ್ಲಿ, ಕೈಗೆ ಪೆಟ್ಟಾಗುತ್ತಿದೆ ಎಂದಿದ್ದೀರಿ. ಬಹುಶಃ ಆ ಕೋಟಾವೇ ಕಾರಣ. ಪಾಳಿ ಮುಗಿಯುವಾಗ ಮೆಸ್‌ನಲ್ಲಿ ಕೂತು ‘ಗ್ಲೌಸ್ ಇರಲಿಲ್ಲ, ಹೇಳಿದೆ’ ಎಂದು ಬರೆದು ಡಬ್ಬಿಗೆ ಹಾಕಿಬಿಡುತ್ತಾರೆ.

ಮೊದಲು ಹಳೆಯ ನೂರು ಕಾರ್ಡ್ ತೆಗೆದು ಬರೆದ ಸಮಯ, ನೋಡಿದ ಕೆಲಸ ಪರಿಶೀಲಿಸಿ. ಹೆಚ್ಚಿನವು ಕೊನೆಯ ಗಂಟೆಯವಾದರೆ ಅನುಮಾನ ನಿಜ. ಆಗ ಕೋಟಾ ತೆಗೆಯಿರಿ. ಅದು ಒಪ್ಪಂದದಲ್ಲೇ ಇದ್ದರೆ ಕಂಪನಿ ಮ್ಯಾನ್ (ರಿಗ್‌ನಲ್ಲಿರುವ ತೈಲ ಕಂಪನಿಯ ಪ್ರತಿನಿಧಿ) ಒಪ್ಪಿಗೆ ಬೇಕಾಗುತ್ತದೆ. ಬದಲಿಗೆ ಪಾಳಿಗೊಂದೇ ವೀಕ್ಷಣೆ, ಹದಿನೈದು ನಿಮಿಷ, ಪೈಪ್ ಟ್ರಿಪ್ಪಿಂಗ್ (ಬಾವಿಯಿಂದ ಪೈಪ್ ಎತ್ತುವುದು, ಇಳಿಸುವುದು) ನಡೆಯುವಾಗಲೇ. ಸ್ಲಿಪ್ಸ್ (ಪೈಪ್ ಜಾರದಂತೆ ಹಿಡಿಯುವ ಬೆಣೆ) ಹಿಡಿಕೆಯನ್ನು ಅಂಗೈ ಮೇಲ್ಮುಖವಾಗಿ ಹಿಡಿದಿದ್ದಾರಾ? ಟಾಂಗ್ (ಪೈಪ್ ತಿರುಗಿಸಿ ಬಿಗಿಯುವ ದೊಡ್ಡ ಇಕ್ಕಳ) ಬೀಸುವ ಜಾಗದಲ್ಲಿ ಯಾರಾದರೂ ನಿಂತಿದ್ದಾರಾ? ತೂಗುವ ಹೊರೆಯನ್ನು ಟ್ಯಾಗ್‌ಲೈನ್ (ದೂರದಿಂದ ಹೊರೆ ನಿಯಂತ್ರಿಸುವ ಹಗ್ಗ) ಬಿಟ್ಟು ಕೈಯಲ್ಲಿ ತಳ್ಳುತ್ತಿದ್ದಾರಾ?

ತಪ್ಪು ಕಂಡರೆ ಕೆಲಸ ನಿಲ್ಲಿಸಿ, ‘ಹೀಗೆ ಮಾಡಬೇಕಾಗಿ ಬಂದದ್ದು ಯಾಕೆ?’ ಎಂದು ಕೇಳಿ. ಟ್ಯಾಗ್‌ಲೈನ್ ಗಿಡ್ಡ, ಡ್ರಿಲ್ಲರ್ ಅವಸರ ಮಾಡಿದರು ಎಂಬ ಉತ್ತರ ಬಂದರೆ ಸರಿಪಡಿಸಬೇಕಾದ್ದು ಆ ಹುಡುಗನನ್ನಲ್ಲ. ಕಾರ್ಡ್‌ನಲ್ಲಿ ಹೆಸರು ಬೇಡ. ಏನು ಸರಿಮಾಡಿದಿರಿ ಎಂಬುದನ್ನು ಮುಂದಿನ ಪಾಳಿಯ ಸಭೆಯಲ್ಲೇ ಹೇಳಿ. ಇದು ತಪ್ಪಿದರೆ ಕಾರ್ಡ್ ಬರೆಯುವವರೇ ಇರುವುದಿಲ್ಲ.

ಬಾವಿ ನಿಯಂತ್ರಣವನ್ನು (ಬಾವಿಯಿಂದ ತೈಲ, ಅನಿಲ ಉಕ್ಕದಂತೆ ತಡೆಯುವುದು) ಮಾತ್ರ ಈ ಕಾರ್ಡ್‌ಗಳಿಗೆ ಬಿಡಬೇಡಿ. ಮೆಕ್ಸಿಕೊ ಕೊಲ್ಲಿಯಲ್ಲಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ ಏಳು ವರ್ಷ ಕೆಲಸ ತಪ್ಪಿಸುವಂಥ ಗಾಯವಿಲ್ಲದೆ ನಡೆದಿತ್ತು. 2010ರ ಏಪ್ರಿಲ್ 20ರಂದು ಸ್ಫೋಟಿಸಿ 11 ಜನ ಸತ್ತರು. ಬಿಒಪಿ (ಬಾವಿ ಉಕ್ಕಿದರೆ ಬಾಯಿ ಮುಚ್ಚುವ ಕವಾಟ) ಪರೀಕ್ಷೆ, ಮಡ್ ಪಿಟ್ (ಕೊರೆಯುವ ಕೆಸರುದ್ರವದ ತೊಟ್ಟಿ) ಮಟ್ಟಕ್ಕೆ ಬೇರೆಯೇ ಪಟ್ಟಿ, ಬೇರೆ ಹೊಣೆಗಾರರನ್ನು ಇಡಿ.