ಚೀಟಿ ಎತ್ತುವ ತಿಂಗಳು ಮಾತ್ರ ಬರುವವರು

ಪ್ರಶ್ನೆ: ಮಗ ಡಲ್ಲಾಸ್‌ನಲ್ಲಿದ್ದಾನೆ. ಕೆಲಸದ ಜೊತೆಗೇ ಇನ್ಶೂರೆನ್ಸೂ ಹೋಯಿತಂತೆ. ಅಷ್ಟು ಶ್ರೀಮಂತ ದೇಶ ಎಲ್ಲರಿಗೂ ಚಿಕಿತ್ಸೆ ಕೊಡಬಾರದೇ?

ಉತ್ತರ: ಈ ಪ್ರಶ್ನೆ ತಿಂಗಳಿಗೆ ನಾಲ್ಕಾದರೂ ಬರುತ್ತದೆ. ಇದು ದುಡ್ಡಿನ ಮಾತೇ ಅಲ್ಲ. 1948ರ ಜುಲೈ 5ರಂದು ಬ್ರಿಟನ್ ಎಲ್ಲರಿಗೂ ಉಚಿತ ಚಿಕಿತ್ಸೆ ಶುರುಮಾಡಿದಾಗ ಅಲ್ಲಿ ಬ್ರೆಡ್ಡಿಗೂ ರೇಷನ್ ಇತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಡವ, ಬಲ್ಲಿದ ಎಂದು ನೋಡಿ ಬಿದ್ದಿರಲಿಲ್ಲ. ಕಾಯಿಲೆಯೂ ಹಾಗೆಯೇ ಎಂದು ಜನಕ್ಕೆ ಅನ್ನಿಸಿತ್ತು.

ಅಮೆರಿಕ ಮಾತ್ರ ‘ಇದು ಯಾರಿಗೆ ಸಲ್ಲಬೇಕು’ ಎಂದೇ ಕೇಳುತ್ತ ಬಂದಿದೆ. 1945ರಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ವಿಮೆ ಎಂದರು. ಸಮಾಜವಾದ ಬಂತು ಎಂದು ಹೆದರಿಸಿದ್ದು ಅಲ್ಲಿನ ವೈದ್ಯರ ಸಂಘವೇ (ನಮ್ಮ ವೃತ್ತಿಯವರು, ನಾಚಿಕೆಯಾಗುತ್ತದೆ). ಅಷ್ಟರಲ್ಲಿ, ಯುದ್ಧಕಾಲದಲ್ಲಿ ಸಂಬಳ ಏರಿಸುವಂತಿಲ್ಲದೆ ಕಂಪನಿಗಳು ಕೊಡತೊಡಗಿದ್ದ ವಿಮೆ ರೂಢಿಯಾಗಿಬಿಟ್ಟಿತ್ತು. ನಿಮ್ಮ ಮಗ ಕಳೆದುಕೊಂಡದ್ದು ಅದನ್ನೇ. 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂತು. ಮೊದಲನೆಯದು ದುಡಿದು ತೆರಿಗೆ ಕಟ್ಟಿ ಗಳಿಸಿದ್ದು, ಅದನ್ನು ಮುಟ್ಟಲು ರಾಜಕಾರಣಿಗಳಿಗೆ ಭಯ. ಎರಡನೆಯದು ಪುಕ್ಕಟೆ ಎಂಬ ತಾತ್ಸಾರ ಇನ್ನೂ ಹೋಗಿಲ್ಲ. ಅದನ್ನು ವಿಸ್ತರಿಸಲು ನಿಮ್ಮ ಮಗನಿರುವ ಟೆಕ್ಸಾಸ್ ರಾಜ್ಯ ಒಪ್ಪಲೇ ಇಲ್ಲ.

2010ರ ಒಬಾಮಾ ಕಾನೂನು ನೋಡಿ. ಮೊದಲೇ ಕಾಯಿಲೆಯಿದ್ದವರಿಗೂ ವಿಮೆ ಕೊಡಲೇಬೇಕು ಎಂದಾಗ ಜನ ಮೆಚ್ಚಿದರು. ಗಟ್ಟಿಮುಟ್ಟಾಗಿರುವವರೂ ಕೊಳ್ಳಲೇಬೇಕು, ಇಲ್ಲವೇ ದಂಡ ಎಂದಾಗ ಸ್ವಾತಂತ್ರ್ಯ ಹೋಯಿತು ಎಂದು ಎದ್ದರು. ಚೀಟಿ ನಡೆಸಿದವರನ್ನು ಕೇಳಿ: ಎತ್ತುವ ತಿಂಗಳು ಮಾತ್ರ ಬರುತ್ತೇನೆ ಎನ್ನುವವರನ್ನು ಸೇರಿಸಿಕೊಳ್ಳುತ್ತಾರೆಯೇ? 2012ರಲ್ಲಿ ಸುಪ್ರೀಂ ಕೋರ್ಟ್ ದಂಡವನ್ನು ತೆರಿಗೆಯೆಂದು ಕರೆದು ಉಳಿಸಿತು. 2017ರಲ್ಲಿ ಸಂಸತ್ತು ಸೊನ್ನೆಗಿಳಿಸಿತು. ಇನ್ನು ಎಲ್ಲ ಕುಸಿಯುತ್ತದೆ ಎಂದುಕೊಂಡಿದ್ದೆ. ಸರ್ಕಾರದ ಸಬ್ಸಿಡಿ ಹಿಡಿದು ನಿಲ್ಲಿಸಿತು, ನನ್ನ ಲೆಕ್ಕ ತಪ್ಪಿತು.

ಮಗನಿಗೆ ಹೇಳಿ: ವಿಮೆ ಹೋದ 60 ದಿನದೊಳಗೆ, ಒಬಾಮಾ ಕಾನೂನಿನಡಿ ವಿಮೆ ಕೊಳ್ಳಲು ಇರುವ ಸರ್ಕಾರಿ ಜಾಲತಾಣವಾದ ಮಾರ್ಕೆಟ್‌ಪ್ಲೇಸ್‌ನಲ್ಲಿ ಬೇರೆ ವಿಮೆಗೆ ಅರ್ಜಿ ಹಾಕಲಿ. ವೀಸಾದ ಬಗ್ಗೆ ವಕೀಲರನ್ನು ಕೇಳಲಿ, ಗೆಳೆಯರ ಗುಂಪನ್ನಲ್ಲ.

ಪ್ರಶ್ನೆ: ಒಬಾಮಾ ಕಾನೂನಿನಲ್ಲಿ ಮುದುಕರನ್ನು ಸಾಯಲು ಬಿಡುವ ಸಮಿತಿ ಇತ್ತಂತೆ?

ಉತ್ತರ: ಶುದ್ಧ ಸುಳ್ಳು. ಕೊನೆಗಾಲದಲ್ಲಿ ಎಂಥ ಚಿಕಿತ್ಸೆ ಬೇಕೆಂದು ರೋಗಿ ತಾನೇ ಬಯಸಿ ವೈದ್ಯರೊಡನೆ ಮಾತಾಡಿದರೆ, ವೈದ್ಯರಿಗೆ ಶುಲ್ಕ ಕೊಡುವ ಪ್ರಸ್ತಾವವಿತ್ತು, ಅಷ್ಟೇ. ಈ ಗದ್ದಲಕ್ಕೆ ಹೆದರಿ ಅದನ್ನೂ ಕೈಬಿಟ್ಟರು.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇನೆ. ಬಿಪಿಗೆ ಪುಡಿ ಕೊಡುವ ಪಂಡಿತರು ಮಾತ್ರೆಯೂ ಬೇಡ, ಇನ್ಶೂರೆನ್ಸೂ ಬೇಡ ಎಂದರು.

ಉತ್ತರ: ಅಲ್ಲಿನ ಐಸಿಯು ಬಿಲ್ಲನ್ನೂ ಅವರೇ ಕಟ್ಟುತ್ತಾರೋ ಕೇಳಿ. ವಿಸಿಟರ್ ವೀಸಾದವರಿಗೆ ಮೆಡಿಕೇರ್ ಇಲ್ಲ. ಮಾತ್ರೆ ನಿಲ್ಲಿಸಬೇಡಿ, ಪಾಲಿಸಿಯ ಸಣ್ಣಕ್ಷರದಲ್ಲಿ ಹಳೆಯ ಕಾಯಿಲೆಯ ಬಗ್ಗೆ ಏನು ಬರೆದಿದೆ ಎಂದು ಓದದೆ ವಿಮಾನ ಹತ್ತಬೇಡಿ.