ಬ್ಯಾಂಕ್ ಒಪ್ಪಿದ ಸಾಲ, ಸಂಸಾರ ತಾಳಬಲ್ಲ ಕಂತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮದುವೆಯಾಗಿ ನಾಲ್ಕು ವರ್ಷ. ಇಬ್ಬರಿಗೂ ಸಂಬಳವಿದೆ, ಕೊಳ್ಳಲು ಹೊರಟಿದ್ದು ಮೊದಲ ಮನೆ. ಕೈಗೆ ಬರುವ ಸಂಬಳದಲ್ಲಿ ಅರ್ಧ ಕಂತಿಗೇ ಹೋಗುವಷ್ಟು ಸಾಲಕ್ಕೆ ಬ್ಯಾಂಕ್ ತಾತ್ವಿಕವಾಗಿ ಒಪ್ಪಿತ್ತು. ಗಂಡ ಅಡ್ವಾನ್ಸ್ ಕೊಡಲು ಸಿದ್ಧರಾಗಿದ್ದರು, ಹೆಂಡತಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸಲಹೆ ಕೇಳಲು ಇಬ್ಬರೂ ನಮ್ಮ ಬಳಿ ಬಂದರು. ‘ಇವಳಿಗೆ ಸಾಲ ಅಂದ್ರೇನೇ ಭಯ’ ಎಂದು ಅವರು. ‘ಇವರು ಪೂರ್ತಿ ಲೆಕ್ಕ ಹಾಕೋದೇ ಇಲ್ಲ’ ಎಂದು ಆಕೆ.

ಭಯ ಸುಮ್ಮನೆ ಹುಟ್ಟಿದ್ದೋ ಕಾರಣವಿದೆಯೋ ತಿಳಿಯಬೇಕಿತ್ತು, ಹಾಗಾಗಿ ಮೊದಲು ಲೆಕ್ಕಕ್ಕೇ ಕೂತೆವು. ಒಂದು ಲಕ್ಷ ಸಾಲಕ್ಕೆ ಶೇ. 9 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 900. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗಿ ಅಸಲಿಗೆ ಬೀಳುವುದು 150. ಅವರು ಆರಿಸಿದ್ದು ಏರಿಳಿಯುವ ಬಡ್ಡಿದರದ ಸಾಲ. ಶುರುವಿನಲ್ಲೇ ದರ ಶೇ. 10 ಆಗಿ ಕಂತು ಹಾಗೇ ಉಳಿದರೆ 20 ವರ್ಷದ ಸಾಲ 26 ವರ್ಷ ದಾಟುತ್ತದೆ. ಶೇ. 11 ಆದರೆ ತಿಂಗಳ ಬಡ್ಡಿಯೇ ಸುಮಾರು 917. 900 ಕಟ್ಟುತ್ತಾ ಹೋದರೂ ಸಾಲ ಬೆಳೆಯುತ್ತದೆ, ಕಂತು ಏರಿಸದೆ ವಿಧಿಯಿಲ್ಲ. ಗಂಡ ಕ್ಯಾಲ್ಕುಲೇಟರ್ ಎಳೆದುಕೊಂಡು ಎರಡು ಸಲ ತಾವೇ ಒತ್ತಿ ನೋಡಿದರು.

ಅವರ ಹಾಳೆಯಲ್ಲಿ ಇನ್ನೊಂದು ತಪ್ಪಿತ್ತು. ಇಬ್ಬರ ಸಂಬಳವೂ 20 ವರ್ಷ ಒಂದು ತಿಂಗಳೂ ತಪ್ಪದೆ ಬರುವಂತೆ ಬರೆದಿದ್ದರು. ಆಕೆಗೆ ಎರಡು ವರ್ಷದೊಳಗೆ ಮಗು ಬೇಕು, ಆಮೇಲೆ ಒಂದು ವರ್ಷವಾದರೂ ಮನೆಯಲ್ಲಿರಬೇಕೆಂಬ ಆಸೆ. ಈ ಮಾತು ಅವರಿಬ್ಬರ ನಡುವೆ ಆಗಿರಲೇ ಇಲ್ಲ. ನಿದ್ದೆಗೆಡಿಸಿದ್ದು ಸಾಲವಲ್ಲ, ಹೇಳದೆ ಉಳಿಸಿಕೊಂಡ ಈ ಮಾತು.

ಕೊಟ್ಟ ಸಲಹೆ ಹೀಗಿತ್ತು. ಈಗಿನ ಬಾಡಿಗೆಗೂ ಬರಲಿರುವ ಕಂತಿಗೂ ಇರುವ ವ್ಯತ್ಯಾಸವನ್ನು, ನಿರ್ವಹಣೆ, ತೆರಿಗೆ, ವಿಮೆಯ ತಿಂಗಳ ಪಾಲು ಸೇರಿಸಿ, ಸಂಬಳದ ದಿನವೇ ಬೇರೆ ಖಾತೆಗೆ ಹಾಕಿ. ಆರು ತಿಂಗಳು ಮುಟ್ಟಬೇಡಿ. ಮೂರನೇ ತಿಂಗಳು ಕಾರಿನ ವಿಮೆ ಕಟ್ಟಬೇಕಾಗಿ ಬಂತು. ಆ ಖಾತೆಗೆ ಕೈಹಾಕಿದವರು ಗಂಡನೇ, ಬಂದು ಹೇಳಿದವರೂ ಅವರೇ. ಕಂತನ್ನು ಸಂಬಳದ ಮೂರನೇ ಒಂದು ಪಾಲಿಗೆ ಇಳಿಸೋಣ ಎಂಬ ಮಾತು ಅವರ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು. ನಾವು ಹೇಳಿದ್ದರೆ ಅದು ಹೆಂಡತಿಯ ಗೆಲುವಾಗಿ ಕಾಣುತ್ತಿತ್ತು.

ಉಳಿತಾಯವನ್ನೆಲ್ಲ ಡೌನ್ ಪೇಮೆಂಟಿಗೆ ಸುರಿದು, ನೋಂದಣಿ ಖರ್ಚಿಗೆ ಪರ್ಸನಲ್ ಲೋನ್ ತೆಗೆಯುವ ಯೋಚನೆಯನ್ನು ಖಡಾಖಂಡಿತವಾಗಿ ಬೇಡವೆಂದೆವು. ಅರ್ಜಿ ಪರಿಶೀಲನೆಯಲ್ಲಿರುವಾಗ ಹೊಸ ಸಾಲ ಕಂಡರೆ ಮಂಜೂರಾಗುವ ಮೊತ್ತವೇ ಕಡಿಮೆಯಾಗಬಹುದು. ಮನೆಖರ್ಚು, ಕಂತು ಎರಡಕ್ಕೂ ಆರು ತಿಂಗಳಿಗಾಗುವಷ್ಟು ಹಣ ಮುಟ್ಟದೆ ಉಳಿದಿರಬೇಕು, ಮಗುವಿನ ಯೋಚನೆಯಿದ್ದರೆ ಇನ್ನೂ ಹೆಚ್ಚು.

ಅಡ್ವಾನ್ಸ್ ಬಗ್ಗೆಯೂ ಎಚ್ಚರಿಸಿದೆವು. ಒಪ್ಪಿದ ಬೆಲೆ, ಮೌಲ್ಯಮಾಪಕರು ಕಟ್ಟಿದ ಬೆಲೆ ಇವೆರಡರಲ್ಲಿ ಕಡಿಮೆಯದನ್ನೇ ಬ್ಯಾಂಕ್ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಮಾರುವವರು 100 ಹೇಳಿ, ಮೌಲ್ಯಮಾಪನ 92 ಬಂದು, ಅದರ ಶೇ. 80 ಸಾಲ ಸಿಕ್ಕರೆ 73.6 ಆಯಿತು. ಕೈಯಿಂದ ಹಾಕಬೇಕಾದದ್ದು 20 ಅಲ್ಲ, 26.4. ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸ್ ಎಂಬ ಷರತ್ತು ಕರಾರಿನಲ್ಲಿ ಬರಹದಲ್ಲೇ ಇರಬೇಕು, ಬಾಯಿಮಾತು ಸಾಲದು. ಹಕ್ಕುಪತ್ರಗಳನ್ನು ಬ್ಯಾಂಕಿನ ವಕೀಲರು ನೋಡಿದ್ದರೂ ನಿಮ್ಮ ಕಡೆಯ ವಕೀಲರೊಬ್ಬರು ನೋಡಲಿ.

ವರ್ಷಕ್ಕೊಂದು ಹೆಚ್ಚುವರಿ ಕಂತು ಕಟ್ಟಿದರೆ, ಶೇ. 9ರ ಲೆಕ್ಕದಲ್ಲಿ, ಸುಮಾರು ಮೂರೂವರೆ ವರ್ಷ ಮೊದಲೇ ಸಾಲ ತೀರುತ್ತದೆ ಎಂದಾಗ ಆಕೆಯ ಮುಖ ಮೊದಲ ಸಲ ಸಡಿಲವಾಯಿತು. ಅವಧಿಗೆ ಮುಂಚೆ ಕಟ್ಟಿದರೆ ದಂಡವಿದೆಯೇ ಎಂದು ಸಹಿಗೆ ಮೊದಲೇ ಕೇಳಲು ಬರೆದುಕೊಂಡರು.

ನೋಡಿದ್ದ ಮನೆ ಕೈಬಿಟ್ಟಿದ್ದಾರೆ. ಕ್ರೆಡಿಟ್ ಕಾರ್ಡ್ ಬಾಕಿ ತೀರಿದೆ, ಕಾರಿನ ಸಾಲಕ್ಕೆ ಇನ್ನು ಏಳು ಕಂತು ಉಳಿದಿವೆ. ಅದು ಮುಗಿದ ಮೇಲೆ, ಒಂದು ಕೋಣೆ ಕಡಿಮೆಯಿರುವ ಮನೆಗೆ ಮತ್ತೆ ಅರ್ಜಿ ಹಾಕುತ್ತಾರೆ.